ಕಲ್ಲು ನಿಲ್ಲಿಸಿದವರು ಯಾರು? ಸ್ಮಾರಕ ಶಾಸನಗಳಲ್ಲಿ ಮನೆತನದ ಹುಡುಕಾಟ

(ಸ್ಥಳೀಯ ಇತಿಹಾಸದ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆತನದ ಚರಿತ್ರೆ ಬರೆಯಲು ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ವಂಶವೃಕ್ಷವನ್ನು. ತಾತ, ಮುತ್ತಾತ, ಅವರಪ್ಪ, ಅವರ ಅಜ್ಜ ಎಂದು ಆರೇಳು ತಲೆ ಹಿಂದಕ್ಕೆ ಹೋದರೆ ಮನೆಮಂದಿಗೆಲ್ಲ ಸಂತೋಷ. ಆ ಹಾಳೆಯನ್ನು ಬಿಡಿಸಿ ನೋಡಿದರೆ ಮೇಲಿನಿಂದ ಕೆಳಗಿನವರೆಗೆ ಗಂಡಸರ ಹೆಸರೇ. ಮುತ್ತಜ್ಜಿ ಯಾವ ಊರಿನ ಹೆಣ್ಣು, ಅವಳ ತವರು ಯಾವುದು, ಅವಳಿಗೆ ಅಣ್ಣತಮ್ಮಂದಿರು ಇದ್ದರೋ ಇಲ್ಲವೋ, ಅಕ್ಕತಂಗಿಯರನ್ನು ಎಲ್ಲಿಗೆ ಕೊಟ್ಟಿತ್ತು, ಇದಾವುದಕ್ಕೂ ಅಲ್ಲಿ ಜಾಗವಿಲ್ಲ. ಇದಕ್ಕೆ ಕಾರಣ ಸರಳ. ನಮ್ಮ ಹಳೆಯ ದಾಖಲೆಗಳಲ್ಲಿ ಬಹುಪಾಲು ಆಸ್ತಿಯ ಬೆನ್ನು ಹತ್ತಿ ಹುಟ್ಟಿದವು. ಹೊಲ, ಮನೆ, ಉಂಬಳಿ, ಗೌಡಿಕೆ ಯಾರಿಂದ ಯಾರ ಕೈಗೆ ಬಂತು ಎಂದು ಬರೆದಿಡುವುದೇ ಅವುಗಳ ಕೆಲಸ. ಆಸ್ತಿ ಗಂಡುಮಕ್ಕಳ ದಾರಿಯಲ್ಲಿ ಬಂದದ್ದರಿಂದ ಹೆಸರೂ ಅದೇ ದಾರಿ ಹಿಡಿಯಿತು.

ಸತ್ತವರ ನೆನಪಿಗೆಂದು ನಿಲ್ಲಿಸಿದ ಕಲ್ಲು ಬೇರೆ ಜಾತಿಯ ದಾಖಲೆ. ಅದರಿಂದ ಯಾರಿಗೂ ಒಂದು ಗುಂಟೆ ನೆಲ ಬರುವುದಿಲ್ಲ. ಮಗ ತಾಯಿಗೆ ನಿಲ್ಲಿಸುತ್ತಾನೆ, ತಂದೆ ಮಗಳಿಗೆ ನಿಲ್ಲಿಸುತ್ತಾನೆ, ಅಕ್ಕ ತಮ್ಮನಿಗೆ ನಿಲ್ಲಿಸುತ್ತಾಳೆ. ಹಾಗಾಗಿ ಬೇರೆಲ್ಲೂ ಬರೆಯದ ನಂಟು ಈ ಕಲ್ಲುಗಳಲ್ಲಿ ಉಳಿದುಕೊಂಡಿದೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೊಂದನ್ನೇ. ಸ್ಮಾರಕ ಶಾಸನ ಕೈಗೆ ಸಿಕ್ಕಾಗ ಸತ್ತವರು ಯಾರು ಎಂದು ಓದಿ ಅಲ್ಲಿಗೇ ನಿಲ್ಲಬೇಡಿ, ನಿಲ್ಲಿಸಿದವರು ಯಾರು ಎಂದು ಕೇಳಿ. ಹೆಣ್ಣುಮಕ್ಕಳ ಕಡೆಯ ಚರಿತ್ರೆ ಬಹುಮಟ್ಟಿಗೆ ಆ ಎರಡನೆಯ ಪ್ರಶ್ನೆಯಿಂದಲೇ ಸಿಗುತ್ತದೆ.

ಇದನ್ನು ತೋರಿಸಲು ಶ್ರವಣಬೆಳಗೊಳಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಲ್ಲಿಗೆ ಹೋದವರೆಲ್ಲ ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಬರುತ್ತಾರೆ. ಎದುರಿನ ಚಿಕ್ಕಬೆಟ್ಟಕ್ಕೆ ಹೋಗುವವರು ಕಡಿಮೆ. ಆ ಬೆಟ್ಟದ ಬಂಡೆಯ ಮೇಲೆ, ಬಸದಿಗಳ ಸುತ್ತ, ಮಂಟಪಗಳ ಕಂಬಗಳ ಮೇಲೆ ಸಾಲು ಸಾಲಾಗಿ ನಿಸಿಧಿ ಶಾಸನಗಳಿವೆ. ಸಲ್ಲೇಖನದಿಂದ, ಎಂದರೆ ಆಹಾರ ತ್ಯಜಿಸುವ ಜೈನ ವ್ರತದಿಂದ, ದೇಹ ಬಿಟ್ಟವರ ಸ್ಮಾರಕಗಳು ಅವು. ಅತ್ಯಂತ ಹಳೆಯವು ಕ್ರಿ.ಶ. 600ರಿಂದ 700ರ ಸುಮಾರಿನವು. ಅವು ಚಿಕ್ಕವು, ಬಹುಪಾಲು ಮುನಿಗಳಿಗೂ ಕಂತಿಯರಿಗೂ (ಜೈನ ಸನ್ಯಾಸಿನಿಯರಿಗೂ) ಸೇರಿದವು. ನಂದಿಸೇನ ಮುನಿಯ ನಿಸಿಧಿಯ ಪದ್ಯವನ್ನು ನಿಮ್ಮಲ್ಲಿ ಹಲವರು ಪಠ್ಯದಲ್ಲಿ ಓದಿರುತ್ತೀರಿ. ಸಿರಿ, ರೂಪ, ವೈಭವಗಳೆಲ್ಲ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಕರಗುತ್ತವೆ ಎನ್ನುವ ಪದ್ಯ. ಕಾವ್ಯವಾಗಿ ಅದಕ್ಕೆ ಸಾಟಿಯಿಲ್ಲ. ಆದರೆ ಮನೆತನ ಹುಡುಕುವವರಿಗೆ ಅಲ್ಲಿ ಸಿಗುವುದು ಅಷ್ಟಕ್ಕಷ್ಟೆ. ಮನೆ ಬಿಟ್ಟು ಬಂದ ಮುನಿಯ ಕಲ್ಲಿನಲ್ಲಿ ಮನೆಯ ಸುದ್ದಿ ಇರಲಾರದು.

ಹನ್ನೆರಡನೆಯ ಶತಮಾನಕ್ಕೆ ಬರುವಾಗ ಪರಿಸ್ಥಿತಿ ಬದಲಾಗುತ್ತದೆ. ಗೃಹಸ್ಥರೂ ಅವರ ಹೆಂಡತಿ, ತಾಯಂದಿರೂ ಬೆಟ್ಟಕ್ಕೆ ಬಂದು ವ್ರತ ಹಿಡಿದು ಮುಡಿಪುತ್ತಾರೆ, ಎಂದರೆ ದೇಹ ಬಿಡುತ್ತಾರೆ. ಮನೆಯವರು ದೊಡ್ಡ ಶಾಸನ ಬರೆಸುತ್ತಾರೆ. ಗಂಗರಾಜನ ಮನೆಯನ್ನು ತೆಗೆದುಕೊಳ್ಳೋಣ. ವಿಷ್ಣುವರ್ಧನನ ದಂಡನಾಯಕ, ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟವನು. ರಾಜಕೀಯ ಚರಿತ್ರೆಯಲ್ಲಿ ಅವನದು ಯುದ್ಧ ಮತ್ತು ದಾನಗಳ ಕಥೆ. ಚಿಕ್ಕಬೆಟ್ಟದ ಕಲ್ಲುಗಳಲ್ಲಿ ಅವನದು ಒಂದು ತುಂಬಿದ ಸಂಸಾರ.

ಅವನ ತಾಯಿ ಪೋಚಿಕಬ್ಬೆ ಸುಮಾರು 1121ರಲ್ಲಿ ತೀರಿಕೊಂಡಳು. ಮಗ ನಿಸಿಧಿ ನಿಲ್ಲಿಸಿದ. ಅದರಿಂದ ಗಂಗರಾಜನ ತಂದೆ ಏಚ, ಅಜ್ಜ ಮಾರ, ಅಜ್ಜಿ ಮಾಕಣಬ್ಬೆ, ಕೌಂಡಿನ್ಯ ಗೋತ್ರ ಎಂಬ ವಿವರ ಸಿಗುತ್ತದೆ. ಅಜ್ಜಿಯ ಹೆಸರೂ ಇದೆ ಎಂಬುದನ್ನು ಗಮನಿಸಿ. ಶಾಸನದ ಕೊನೆಯಲ್ಲಿ ಇನ್ನೊಂದು ಮನೆತನವೂ ಬರುತ್ತದೆ. ಬರೆದವನು ಚಾವರಾಜ. ಕಂಡರಿಸಿದವನು ಹೊಯ್ಸಳಾಚಾರಿಯ ಮಗ ವರ್ಧಮಾನಾಚಾರಿ, ‘ಬಿರುದ ರೂವಾರಿ ಮುಖತಿಲಕ’ ಎಂಬ ಬಿರುದು ಹೊತ್ತವನು. ದಂಡನಾಯಕನ ತಾಯಿಯ ಕಲ್ಲಿನಲ್ಲೇ ಶಿಲ್ಪಿಯೊಬ್ಬನ ತಂದೆ ಮಗನ ಸಂಬಂಧ ಉಳಿದಿದೆ. ವಿಶ್ವಕರ್ಮ ಮನೆತನಗಳ ಚರಿತ್ರೆ ಹುಡುಕುವವರು ಇಂಥ ಕೊನೆಯ ಸಾಲುಗಳನ್ನೇ ಮೊದಲು ಓದಬೇಕು.

ಪೋಚಿಕಬ್ಬೆ ಹೋದ ಹೆಚ್ಚುಕಡಿಮೆ ಅದೇ ಹೊತ್ತಿಗೆ ಗಂಗರಾಜನ ಹೆಂಡತಿ ಲಕ್ಷ್ಮಿಯೂ ತೀರಿಕೊಂಡಳು. ಅವಳ ನಿಸಿಧಿಯನ್ನೂ ಗಂಗರಾಜನೇ ನಿಲ್ಲಿಸಿದ. ಇಲ್ಲಿಗೆ ನಿಂತರೆ ಲಕ್ಷ್ಮಿ ಬರಿಯ ‘ದಂಡನಾಯಕನ ಮಡದಿ’. ಅವಳ ತವರು ಸಿಗಬೇಕಾದರೆ ಅವಳು ತಾನೇ ನಿಲ್ಲಿಸಿದ ಕಲ್ಲುಗಳಿಗೆ ಹೋಗಬೇಕು. 1115ರಲ್ಲಿ ಬೂಚಣ ಎಂಬವನು ತೀರಿಕೊಂಡ, ಸುಮಾರು 1120ರಲ್ಲಿ ದೇಮತಿ ಎಂಬವಳು. ಬೂಚಣ ಲಕ್ಷ್ಮಿಯ ಒಡಹುಟ್ಟಿದವನು, ದೇಮತಿ ಒಡಹುಟ್ಟಿದವಳು. ಇಬ್ಬರಿಗೂ ಲಕ್ಷ್ಮಿಯೇ ಪರೋಕ್ಷವಿನಯದ, ಎಂದರೆ ಸತ್ತವರಿಗೆ ಗೌರವ ಸಲ್ಲಿಸುವ, ಕಲ್ಲು ನಿಲ್ಲಿಸಿದಳು. ದೇಮತಿಯ ಗಂಡ ಚಾಮುಂಡನೆಂಬ ವರ್ತಕ. ಎಂದರೆ ಹೊಯ್ಸಳ ರಾಜ್ಯದ ಹಿರಿಯ ದಂಡನಾಯಕನೂ ಒಬ್ಬ ವ್ಯಾಪಾರಿಯೂ ಷಡ್ಡಕರು. ಈ ಸಂಬಂಧವನ್ನು ಯುದ್ಧದ ಶಾಸನ ಹೇಳುವುದಿಲ್ಲ, ದಾನದ ಶಾಸನಕ್ಕೂ ಅದು ಬೇಕಿಲ್ಲ. ಅಕ್ಕತಂಗಿಯರ ಪ್ರೀತಿಯಿಂದ ಎದ್ದು ನಿಂತ ಕಲ್ಲೊಂದು ಅದನ್ನು ಒಂಬತ್ತು ನೂರು ವರ್ಷ ಕಾಪಾಡಿಕೊಂಡು ಬಂದಿದೆ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಮಾಚಿಕಬ್ಬೆಯ ಶಾಸನ. ಮಾಚಿಕಬ್ಬೆ ವಿಷ್ಣುವರ್ಧನನ ರಾಣಿ ಶಾಂತಲೆಯ ತಾಯಿ. ಶಾಂತಲೆಯ ಬಗ್ಗೆ ನಮ್ಮಲ್ಲಿ ಕಥೆಗಳಿಗೆ ಕೊರತೆಯಿಲ್ಲ. ಶಿವಗಂಗೆಯ ಬೆಟ್ಟಕ್ಕೆ ಹೋದರೆ ಅವಳು ಹಾರಿಕೊಂಡ ಜಾಗ ಎಂದು ತೋರಿಸುವವರೂ ಇದ್ದಾರೆ. ಅವಳ ಸಾವನ್ನು ನಮಗೆ ಸ್ಪಷ್ಟವಾಗಿ ತಿಳಿಸುವುದು ತಾಯಿಗಾಗಿ ನಿಂತ ಈ ಕಲ್ಲು. ಪಟ್ಟಮಹಾದೇವಿ ಶಿವಗಂಗೆಯ ತೀರ್ಥದಲ್ಲಿ ‘ಮುಡಿಪಿ’ ಸ್ವರ್ಗಸ್ಥಳಾದಳು ಎಂದಷ್ಟೇ ಅದು ಹೇಳುತ್ತದೆ. 1131ರ ಮಾತು. ಹೇಗೆ, ಏಕೆ ಎಂಬುದಕ್ಕೆ ಅಲ್ಲಿ ಒಂದಕ್ಷರವಿಲ್ಲ. ಅನಂತರ ಶಾಸನ ತಾಯಿಯ ಕಡೆ ತಿರುಗುತ್ತದೆ. ಮಗಳು ಹೋದ ಮೇಲೆ ತಾನು ಉಳಿಯಲಾರೆ ಎಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು, ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು. ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳ ನಿರ್ಧಾರವನ್ನು ಇಷ್ಟು ನೇರವಾಗಿ ಹೇಳುವ ಶಾಸನಗಳು ಕನ್ನಡದಲ್ಲಿ ಹೆಚ್ಚಿಲ್ಲ.

ಆಮೇಲೆ ವಂಶದ ಮಾತು. ನಾಗವರ್ಮ ಮತ್ತು ಚಂದಿಕಬ್ಬೆಯ ಮಗ ಬಲದೇವ. ಬಲದೇವ ಮತ್ತು ಬಾಚಿಕಬ್ಬೆಯ ಮಗಳು ಮಾಚಿಕಬ್ಬೆ. ಅವಳ ಒಡಹುಟ್ಟಿದವನು ಸಿಂಗಿಮಯ್ಯ. ಶಾಂತಲೆಯ ಸೋದರಮಾವನ ಹೆಸರು, ತಾಯಿಯ ತಂದೆತಾಯಿಯರ ಹೆಸರು, ಅವರಿಗೂ ಹಿಂದಿನ ತಲೆಮಾರಿನ ಹೆಸರು, ಎಲ್ಲವೂ ಒಂದೇ ಕಲ್ಲಿನಲ್ಲಿ ಸಿಕ್ಕವು. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನಳು. ಒಂದೇ ಮನೆಯಲ್ಲಿ ಎರಡು ಧರ್ಮ ನಡೆಯುತ್ತಿದ್ದ ಕಾಲವದು. ಆದ್ದರಿಂದ ‘ನಮ್ಮದು ಮೊದಲಿನಿಂದಲೂ ಇಂಥ ಮತದ ಮನೆತನ’ ಎಂದು ಮೊದಲೇ ನಿರ್ಧರಿಸಿಕೊಂಡು ಹುಡುಕಲು ಹೊರಟರೆ ಅರ್ಧ ಸಂಬಂಧಿಕರು ಕಣ್ಣಿಗೇ ಬೀಳುವುದಿಲ್ಲ.

ಇದರಿಂದ ಕಲಿಯಬೇಕಾದ ಕೆಲಸದ ಕ್ರಮ ಇಷ್ಟು. ನೀವು ಹುಡುಕುತ್ತಿರುವ ವ್ಯಕ್ತಿಯ ಕಲ್ಲು ಸಿಗದಿದ್ದರೆ ತಾಯಿಯ ಕಲ್ಲು ನೋಡಿ, ನಾದಿನಿಯ ಕಲ್ಲು ನೋಡಿ, ಅಳಿಯನ ಕಲ್ಲು ನೋಡಿ. ಶಾಂತಲೆ ಸಿಕ್ಕಿದ್ದು ಹಾಗೆಯೇ.

ಇನ್ನೊಂದು ಕಲ್ಲಿನ ವಿಷಯ ಹೇಳಿ ಮುಂದಕ್ಕೆ ಹೋಗುತ್ತೇನೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಮಾಸ್ತಿಗಲ್ಲಿದೆ, ಎಂದರೆ ಗಂಡ ಸತ್ತ ಮೇಲೆ ಬೆಂಕಿಗೆ ಬಿದ್ದ ಹೆಣ್ಣಿನ ಸ್ಮಾರಕ. ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆ. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ದಾಯಾದಿಯೊಬ್ಬನನ್ನು ಕೊಂದು, ಆ ತಪ್ಪಿಗೆ ತಲಕಾಡಿನಲ್ಲಿ ರಾಜನಿಂದ ಮರಣದಂಡನೆಗೆ ಗುರಿಯಾದ. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಬೀಳಲು ಹೊರಟಳು. ತಂದೆತಾಯಿ, ಬಂಧುಗಳು ಬೇಡವೆಂದು ಅಂಗಲಾಚಿದರು. ಅವಳು ಕೇಳಲಿಲ್ಲ. ಇಂಥ ಕಲ್ಲುಗಳನ್ನು ಹೆಮ್ಮೆಯಿಂದ ಓದುವವರಿದ್ದಾರೆ, ನನ್ನಿಂದ ಅದು ಆಗುವುದಿಲ್ಲ. ಆದರೆ ಕಲ್ಲು ನಿಲ್ಲಿಸಿದವರು ಯಾರು ಎಂದು ಕೇಳಿದ ಕೂಡಲೇ ಈ ಶಾಸನದ ಮುಖವೇ ಬದಲಾಗುತ್ತದೆ. ನಿಲ್ಲಿಸಿದವನು ಗಂಡನ ಮನೆಯವನಲ್ಲ, ಹೆತ್ತ ತಂದೆ ರವಿಗ. ಬೇಡವೆಂದು ತಡೆದವನೇ ಕಲ್ಲು ಕಡೆಸಿದ. ಮನೆಯವರು ಅತ್ತದ್ದು, ತಡೆದದ್ದು ಕಲ್ಲಿನ ಮೇಲೆ ಉಳಿದುಕೊಂಡಿರುವುದು ಅದಕ್ಕೇ.

ಒಂದು ತೊಡಕನ್ನೂ ಇಲ್ಲೇ ಹೇಳಿಬಿಡಬೇಕು. ದೇಕಬ್ಬೆಯ ಗಂಡ ಏಚ. ಗಂಗರಾಜನ ತಂದೆ ಏಚ. ಗಂಗರಾಜನ ಅಣ್ಣ ಬಮ್ಮನ ಮಗನೂ ಏಚ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಿಂದ ಮನೆತನ ಹುಡುಕುವವರು ಪಡುವ ಪಾಡು ಇದು. ಹೆಸರು ಹೊಂದಿತೆಂದು ಇಬ್ಬರನ್ನು ಒಬ್ಬನನ್ನಾಗಿ ಮಾಡಬೇಡಿ. ಗುರುವಿನ ಹೆಸರು ನೋಡಿ. ಗಂಗರಾಜ, ಲಕ್ಷ್ಮಿ, ಬೂಚಣ ಎಲ್ಲರೂ ಶುಭಚಂದ್ರ ಸಿದ್ಧಾಂತದೇವರ ಶಿಷ್ಯರು. ಊರು, ಗುರು, ಶಿಲ್ಪಿ, ಕಾಲ, ಈ ನಾಲ್ಕರಲ್ಲಿ ಎರಡಾದರೂ ಹೊಂದಿದ ಮೇಲೆ ಸಂಬಂಧದ ಮಾತಾಡೋಣ. ತೇದಿಯ ಬಗ್ಗೆಯೂ ಎಚ್ಚರ ಬೇಕು. ಶಕವರ್ಷದ ಅಂಕಿಯೂ ಸಂವತ್ಸರದ ಹೆಸರೂ ಒಂದಕ್ಕೊಂದು ಹೊಂದದ ಶಾಸನಗಳು ಬಹಳ. ಆಗ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕುವುದು ವಿದ್ವಾಂಸರ ರೂಢಿ. ಹಾಗಾಗಿಯೇ ಒಂದೇ ಕಲ್ಲಿಗೆ ಒಂದು ಪುಸ್ತಕದಲ್ಲಿ 1120, ಇನ್ನೊಂದರಲ್ಲಿ 1121 ಎಂದು ಕಾಣುವುದುಂಟು.

ಇದನ್ನೆಲ್ಲ ಬೆಟ್ಟ ಹತ್ತಿ ಬಂಡೆಯ ಮೇಲೆಯೇ ಓದಬೇಕೆಂದಿಲ್ಲ. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳ ಸಂಪುಟ ತಂದರು. ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಸರಣಿಯಲ್ಲಿ ಎರಡನೆಯದು ಅದು. ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿ 1923ರಲ್ಲಿ 500 ಶಾಸನಗಳಿಗೆ ಬೆಳೆಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಹೊಸ ಆವೃತ್ತಿಯಲ್ಲಿ 573 ಇವೆ. ಪ್ರತಿ ಸಲವೂ ಕ್ರಮಸಂಖ್ಯೆ ಬದಲಾಗಿದೆ. ಮಾಚಿಕಬ್ಬೆಯ ಶಾಸನ ರೈಸರಲ್ಲಿ 53, ನರಸಿಂಹಾಚಾರ್ಯರಲ್ಲಿ 143. ಹಳೆಯ ಲೇಖನವೊಂದರಲ್ಲಿ ‘ಶ್ರ.ಬೆ. 53’ ಎಂದು ಓದಿ ಹೊಸ ಸಂಪುಟದಲ್ಲಿ 53ನ್ನು ತೆಗೆದರೆ ಸಂಬಂಧವೇ ಇಲ್ಲದ ಇನ್ಯಾರದೋ ಕಲ್ಲು ಎದುರಾಗುತ್ತದೆ. ಯಾವ ಆವೃತ್ತಿ ಎಂದು ಬರೆಯದ ಸಂಖ್ಯೆಯನ್ನು ನಂಬಲೇಬೇಡಿ, ನೀವೂ ಹಾಗೆ ಬರೆಯಬೇಡಿ.

ಈಗ ಹತ್ತಿರದ ಕಾಲಕ್ಕೆ, ಚರ್ಚಿನ ಸಮಾಧಿ ಸ್ಥಳಗಳಿಗೆ ಬರೋಣ. ಮಂಗಳೂರು, ಧಾರವಾಡ, ಬೆಂಗಳೂರು ದಂಡು, ಕೋಲಾರದ ಚಿನ್ನದ ಗಣಿ, ಶ್ರೀರಂಗಪಟ್ಟಣ, ಮಡಿಕೇರಿ, ಎಲ್ಲೆಡೆ ಹತ್ತೊಂಬತ್ತನೆಯ ಶತಮಾನದ ಗೋರಿಗಳಿವೆ. ಇಲ್ಲಿ ಕಲ್ಲಿನ ಜೊತೆಗೆ ಚರ್ಚಿನ ರಿಜಿಸ್ಟರೂ ಇರುತ್ತದೆ. ಕಂಪನಿಯ ಕಾಲದಿಂದಲೂ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಹೂಳುವಿಕೆಗಳ ನಕಲನ್ನು ಪ್ರಾಂತ್ಯದ ಕೇಂದ್ರಕ್ಕೆ ಕಳಿಸಬೇಕಿತ್ತು, ಅಲ್ಲಿಂದ ಅವು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಬಂಗಾಳ, ಮದ್ರಾಸ್, ಮುಂಬಯಿ ಎಂಬ ಮೂರು ಸರಣಿಗಳಲ್ಲಿವೆ. ಹುಡುಕುವ ಮುನ್ನ ಆ ಊರು ಆ ವರ್ಷ ಯಾವ ಪ್ರಾಂತ್ಯದ ಕೈಯಲ್ಲಿತ್ತು ಎಂದು ನೋಡಿಕೊಳ್ಳಬೇಕು. ಬೆಂಗಳೂರು ದಂಡಿನದು ಮದ್ರಾಸ್ ಸರಣಿ. ಧಾರವಾಡವೆಂದರೆ ನಮಗೆ ಮುಂಬಯಿ ಪ್ರಾಂತ್ಯ ನೆನಪಾಗುತ್ತದೆ. ಆದರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಚೆನ್ನಮ್ಮನ ಸೈನ್ಯದ ಎದುರು ಸತ್ತ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಮದ್ರಾಸ್ ಸಿವಿಲ್ ಸೇವೆಯವನು. ಅವನ ಸ್ಮಾರಕ ಇರುವುದು ಧಾರವಾಡದಲ್ಲಿ. ಅವನ ಅಣ್ಣ ರಿಚ್ಮಂಡ್ 1815ರಲ್ಲಿ ಕಲ್ಕತ್ತೆಯಲ್ಲಿ ಸತ್ತವನು, ಅವನ ದಾಖಲೆ ಬಂಗಾಳದ್ದು. ಆ ರಿಚ್ಮಂಡನ ಮಗನೇ ಮುಂದೆ ಇಂಗ್ಲಿಷಿನ ಹೆಸರಾಂತ ಕಾದಂಬರಿಕಾರನಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಕೂಡಿಸಲು ಉಪಖಂಡದ ಎರಡು ತುದಿಯ ದಾಖಲೆ ಬೇಕಾಗುತ್ತದೆ.

ಅಚ್ಚಾದ ಪಟ್ಟಿಗಳೂ ಇವೆ. ಜೂಲಿಯನ್ ಜೇಮ್ಸ್ ಕಾಟನ್ ಎಂಬ ಅಧಿಕಾರಿ ಮದ್ರಾಸ್ ಪ್ರಾಂತ್ಯದ ಸಮಾಧಿ ಬರಹಗಳ ಪಟ್ಟಿಯನ್ನು 1905ರಲ್ಲಿ ಪ್ರಕಟಿಸಿದರು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಆ ಪ್ರಾಂತ್ಯದಲ್ಲೇ ಇದ್ದವು. ದಕ್ಷಿಣ ಏಷ್ಯಾದ ಯುರೋಪಿಯನ್ ಸಮಾಧಿ ಸ್ಥಳಗಳಿಗೆಂದೇ 1976ರಲ್ಲಿ ಬ್ರಿಟನ್ನಿನಲ್ಲಿ ಬ್ಯಾಕ್ಸಾ ಎಂಬ ಸಂಘ ಹುಟ್ಟಿತು. 1998ರಲ್ಲಿ ಆರಂಭವಾದ, ಬ್ರಿಟಿಷ್ ಇಂಡಿಯಾದ ಕುಟುಂಬಗಳ ಚರಿತ್ರೆ ಹುಡುಕುವ ಫಿಬಿಸ್ ಎಂಬ ಸಂಘ ಇಂಥ ದಾಖಲೆಗಳ ಸೂಚಿಯನ್ನು ಅಂತರ್ಜಾಲದಲ್ಲಿಟ್ಟಿದೆ. ಇವೆಲ್ಲ ಉಪಕಾರದ ಕೆಲಸ. ಆದರೆ ಅವರ ಹುಡುಕಾಟ ಅವರ ಮನೆಯವರಿಗಾಗಿ ನಡೆದದ್ದು ಎಂಬುದನ್ನು ಮರೆಯಬಾರದು. ಕಾಟನ್ನರ ಪಟ್ಟಿ ‘ಚಾರಿತ್ರಿಕ ಆಸಕ್ತಿಯ’ ಕಲ್ಲುಗಳನ್ನಷ್ಟೇ ಆರಿಸಿಕೊಂಡಿತು. ಅದೇ ಆವರಣದಲ್ಲಿ ಮಲಗಿರುವ ಕನ್ನಡ, ತುಳು, ತಮಿಳು ಮಾತಾಡುತ್ತಿದ್ದ ಕ್ರೈಸ್ತರ ಕಲ್ಲುಗಳನ್ನು ಯಾರು ಬರೆದುಕೊಂಡರು? ಉಪದೇಶಿ, ಶಾಲಾ ಮಾಸ್ತರ, ಹಂಚಿನ ಕಾರ್ಖಾನೆಯ ಕೆಲಸಗಾರ, ಸೂಲಗಿತ್ತಿ, ಇವರ ಹೆಸರಿರುವ ಕಲ್ಲುಗಳು ಸವೆಯುತ್ತಿವೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಕಾಗದಪತ್ರ, ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜೋಪಾನವಾಗಿವೆ, ಆದರೆ ಅಲ್ಲಿಯೂ ಮಿಷನರಿಗಳ ವಿವರವೇ ಹೆಚ್ಚು. ಸ್ಥಳೀಯ ಕುಟುಂಬಗಳಿಗೆ ಊರಿನ ಸಭೆಯ ರಿಜಿಸ್ಟರು ಮತ್ತು ಈ ಕಲ್ಲುಗಳೇ ಗತಿ. ಈ ಕೆಲಸವನ್ನು ನಾವಲ್ಲದೆ ಬೇರೆ ಯಾರೂ ಬಂದು ಮಾಡುವುದಿಲ್ಲ. ಇದನ್ನು ಬೇಸರದಿಂದಲ್ಲ, ಆತುರದಿಂದ ಹೇಳುತ್ತಿದ್ದೇನೆ.

ಓದುವ ರೀತಿಯ ಬಗ್ಗೆ ಸ್ವಲ್ಪ. ಗ್ರಾನೈಟಿನ ಸವೆದ ಅಕ್ಷರ ನಡುಮಧ್ಯಾಹ್ನ ಕಾಣುವುದೇ ಇಲ್ಲ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಕಲ್ಲಿಗೆ ಅಡ್ಡಲಾಗಿ ಬೀಳುವಾಗ ಪ್ರತಿ ಗೀಟಿನ ಒಂದು ಅಂಚಿಗೆ ನೆರಳು ಕೂರುತ್ತದೆ, ಆಗ ಅಕ್ಷರ ಏಳುತ್ತದೆ. ಬಿಸಿಲು ಬಾರದ ಮೂಲೆಯಾದರೆ ಒಬ್ಬರು ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಹಾಯಿಸಲಿ, ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ಅಮೃತಶಿಲೆಯ ಗೋರಿಗಳಲ್ಲಿ ಸೀಸದ ಅಕ್ಷರ ಕೂರಿಸುತ್ತಿದ್ದರು. ಸೀಸ ಉದುರಿಹೋಗಿದ್ದರೂ ಅದನ್ನು ಹಿಡಿದಿದ್ದ ಸಣ್ಣ ತೂತುಗಳು ಉಳಿದಿರುತ್ತವೆ. ತೂತುಗಳ ಜೋಡಣೆ ನೋಡಿಯೇ ಇದು ಇಂಥ ಅಕ್ಷರ ಎಂದು ಕೂಡಿಸಿ ಓದಬಹುದು. ತಾಳ್ಮೆ ಬೇಡುವ ಕೆಲಸ, ಆದರೆ ಆಗುತ್ತದೆ. ತಂತಿ ಬ್ರಷ್, ಆಸಿಡ್, ಸುಣ್ಣ, ಸೀಮೆಸುಣ್ಣ ಯಾವುದೂ ಬೇಡ. ಮೃದುವಾದ ಬ್ರಷ್ಷು, ನೀರು ಸಾಕು. ವೀರಗಲ್ಲಿಗೆ ಎಣ್ಣೆ, ಅರಿಶಿನ ಹಚ್ಚಿ ಪೂಜೆ ನಡೆಯುತ್ತಿದ್ದರೆ ಪೂಜೆ ಮಾಡುವವರನ್ನು ಕೇಳದೆ ಕೈ ಹಾಕಬೇಡಿ. ಎಷ್ಟೋ ಕಲ್ಲು ಉಳಿದಿರುವುದು ಆ ಪೂಜೆಯಿಂದಲೇ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಕಣ್ಣಿಗೆ ಕಾಣದ ಅಕ್ಷರವೂ ಅದರಲ್ಲಿ ಏಳುತ್ತದೆ.

ನಿಸಿಧಿಯಾದರೆ ಚಿತ್ರವನ್ನೂ ಓದಿ. ಮೇಲಿನ ಪಟ್ಟಿಕೆಯಲ್ಲಿ ಜಿನ, ಕೆಳಗೆ ಗುರು ಮತ್ತು ವ್ರತಸ್ಥ ವ್ಯಕ್ತಿ, ನಡುವೆ ಗ್ರಂಥವಿಟ್ಟ ಠವಣೆಕೋಲು. ಎದುರು ಕೂತ ವ್ಯಕ್ತಿ ಹೆಣ್ಣೋ ಗಂಡೋ, ಒಬ್ಬರೋ ಇಬ್ಬರೋ ಎಂಬುದನ್ನು ಬರಹ ಅಳಿಸಿಹೋದ ಮೇಲೂ ಚಿತ್ರ ಹೇಳುತ್ತದೆ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಬರೆದುಕೊಳ್ಳುವಾಗ ಕಲ್ಲಿನಲ್ಲೇ ತಪ್ಪಿದೆ ಎಂದು ಗೊತ್ತಾದರೆ ತಿದ್ದಬೇಕೆ ಎಂದು ಒಬ್ಬರು ಕೇಳಿದರು. ತಿದ್ದಬಾರದು. ಕಲ್ಲಿನಲ್ಲಿ ಇದ್ದಂತೆ ಸಾಲಿಗೆ ಸಾಲು ಬರೆದು, ನಿಮ್ಮ ಅಭಿಪ್ರಾಯವನ್ನು ಬೇರೆಯಾಗಿ ಬರೆಯಿರಿ. ಅಕ್ಕಪಕ್ಕದ ಕಲ್ಲುಗಳ ಹೆಸರನ್ನೂ, ಯಾವುದು ಯಾವುದರ ಎಡಕ್ಕಿದೆ ಎಂಬುದನ್ನೂ ಗುರುತು ಮಾಡಿಕೊಳ್ಳಿ. ಒಂದೇ ಮನೆಯವರನ್ನು ಹತ್ತಿರ ಹತ್ತಿರ ಹೂಳುವುದು ವಾಡಿಕೆ. ಅಕಾರಾದಿ ಪಟ್ಟಿ ಮಾಡಿದ ಕೂಡಲೇ ಆ ನೆರೆಹೊರೆ ಕಳೆದುಹೋಗುತ್ತದೆ.

ನಮ್ಮಲ್ಲಿ ಸುಡುವುದು ಪದ್ಧತಿ, ಕಲ್ಲೇ ಇಲ್ಲ, ನಾವೇನು ಮಾಡಬೇಕು ಎಂದು ಒಬ್ಬ ತಾಯಿ ಕೇಳಿದರು. ಕಾಶಿ, ಗಯೆಗಳಲ್ಲಿ ಪಂಡರ ವಹಿಗಳಿವೆ, ಎಂದರೆ ಅಲ್ಲಿನ ಪುರೋಹಿತರು ಯಾತ್ರಿಕರ ಮನೆತನದ ಹೆಸರು ಬರೆದಿಡುವ ಪುಸ್ತಕಗಳು. ಉತ್ತರ ಕರ್ನಾಟಕದ ಕಡೆಯವರಾದರೆ ಹೆಳವರು ಇದ್ದಾರೆ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ಬೆಡಗು (ಕುಲದ ಕವಲು), ಮೂಲದ ಊರು, ಹಿರಿಯರ ಹೆಸರು ಹೇಳುವವರು. ಅವರು ಬಂದಾಗ ಕಾಳು, ಕಾಸು ಕೊಟ್ಟು ಕಳಿಸಿಬಿಡಬೇಡಿ, ಕೂರಿಸಿಕೊಂಡು ಬರೆದುಕೊಳ್ಳಿ. ಅವರು ಹೇಳುವ ಮೂಲದ ಊರಿಗೆ ಹೋಗಿ ಅಲ್ಲಿನ ವೀರಗಲ್ಲು, ಮಾಸ್ತಿಗಲ್ಲು, ಗದ್ದುಗೆಗಳನ್ನು ನೋಡಿ. ಹಳೆಯ ಮೈಸೂರು ಸೀಮೆಯ ಊರಾದರೆ ಶಾಸನ ಸಂಪುಟಗಳು ಜಿಲ್ಲೆ, ತಾಲ್ಲೂಕಿನ ಪ್ರಕಾರ ಜೋಡಣೆಯಾಗಿವೆ. ತಾಲ್ಲೂಕಿನ ಗಡಿ ಆಮೇಲೆ ಬದಲಾಗಿರುವುದುಂಟು, ಹಾಗಾಗಿ ಈಗಿನ ತಾಲ್ಲೂಕಿನಲ್ಲಿ ಊರು ಸಿಗದಿದ್ದರೆ ಪಕ್ಕದ ತಾಲ್ಲೂಕಿನ ಪಟ್ಟಿಯನ್ನೂ ತಿರುವಿ ಹಾಕಿ.